ನೀರು ಮುಟ್ಟದೆ ಹೇಳಬೇಕಾದ ಸುದ್ದಿ

ಆಫ್ರಿಕಾಕ್ಕೆ ಹೋಗಿಬಂದೆ ಎಂದರೆ ಎಲ್ಲರೂ ಸಿಂಹ ಕೇಳುತ್ತಾರೆ. ಸಿಂಹ ನೋಡಲಿಲ್ಲ. ಘಾನಾ ಎಂಬ ದೇಶದಲ್ಲಿ ಒಂಬತ್ತು ದಿನ ಇದ್ದೆ. ಸರಿಯಾಗಿ ನೋಡಿದ್ದು ಒಂದು ದಾರಿ, ಒಂದು ಮನೆ, ಒಂದು ಗಾಜಿನ ಲೋಟ. ಅಷ್ಟನ್ನೇ ಬರೆಯುತ್ತೇನೆ. ನಾನು ಓದಿದ್ದು ಮೂರನೇ ಕ್ಲಾಸು. ಒತ್ತಕ್ಷರಗಳನ್ನು ಮೊಮ್ಮಗಳು ತಿದ್ದಿದ್ದಾಳೆ. ಮಾತು ತಿದ್ದಬೇಡ ಎಂದು ಹೇಳಿದ್ದೇನೆ.

ಕುಪ್ಪಗಡ್ಡೆ

ನನ್ನ ತಮ್ಮ ಚನ್ನಬಸಪ್ಪ ವಾಯುಪಡೆಯಲ್ಲಿ ಪೈಲಟ್ ಆಗಿದ್ದವನು. ನಾವಿಬ್ಬರೂ ಹುಟ್ಟಿದ್ದು ಈಸೂರಿನಲ್ಲಿ. ಅಪ್ಪ ನನ್ನನ್ನು ಸೊರಬದ ಕಡೆ ಕುಪ್ಪಗಡ್ಡೆಗೆ ಕೊಟ್ಟ, ಅವನನ್ನು ಆಕಾಶಕ್ಕೆ ಕೊಟ್ಟ. ಗಂಡ ಸತ್ತ ಮೇಲೆ ನಾನು ಹೋರಿ ಪಳಗಿಸುವ ಕೆಲಸ ಹಿಡಿದೆ. ಸುತ್ತಲ ಊರಿನವರು ಹೊಸ ಹೋರಿಯನ್ನು ನೊಗಕ್ಕೆ ಹೊಂದಿಸಲು ನನ್ನ ಹತ್ತಿರ ತರುತ್ತಾರೆ. ತಮ್ಮನೂ ಅದೇ ಕೆಲಸ ಮಾಡಿದ. ಯುದ್ಧಕ್ಕೆ ಹೋಗಿದ್ದಾನೆ, ದೊಡ್ಡ ವಿಮಾನ ಹಾರಿಸಿದ್ದಾನೆ, ಆದರೆ ಹೆಚ್ಚು ವರ್ಷ ಮಾಡಿದ್ದು ಹೊಸ ಹುಡುಗರಿಗೆ ಹಾರಲು ಕಲಿಸುವುದು. ಮದುವೆಯಾಗಲಿಲ್ಲ. ರಿಟೈರ್ ಆಗಿ ಶಿಕಾರಿಪುರದಲ್ಲಿ ಮನೆ ಮಾಡಿದ್ದಾನೆ. ಅವನಿಗೆ ಎಪ್ಪತ್ತೈದು, ನನಗೆ ಎಪ್ಪತ್ತೆಂಟು.

ಕೂತಲ್ಲಿ ಕೂರುವ ಮನುಷ್ಯನಲ್ಲ. ನಮ್ಮ ಮನೆಗೆ ಬಂದರೆ ಅಂಗಳದ ಉದ್ದ ಅಳೆಯುತ್ತಾನೆ. ಊಟಕ್ಕೆ ಕೂತರೂ ಮೊಣಕಾಲು ಕುಣಿಯುತ್ತಿರುತ್ತದೆ.

ಒಂದು ಬೆಳಗ್ಗೆ ಬಂದಾಗ ನಾನು ಹೋರಿಯ ಹೆಗಲಿಗೆ ಹರಳೆಣ್ಣೆ ತಿಕ್ಕುತ್ತಿದ್ದೆ. ನಮ್ಮೂರ ಮಂಜಪ್ಪನ ಹೋರಿ ಅದು. ಹಿಂದಿನ ದಿನ ನೊಗದಡಿಯಲ್ಲಿ ಮಲಗಿಬಿಟ್ಟಿತ್ತು. ಸೋಮಾರಿ ಎಂದು ಮಂಜಪ್ಪ ಬಾಲ ತಿರುಚಲು ಹೋದ. ನಾನು ಬೈದು ನೊಗ ಬಿಚ್ಚಿಸಿದೆ. ನೋಡಿದರೆ ಹೆಗಲ ಮೇಲೆ ಅಂಗೈ ಅಗಲ ಹುಣ್ಣು. ಹೋರಿ ಮಲಗಿದರೆ ಮೊದಲು ನೊಗದ ಅಡಿ ನೋಡಬೇಕು, ಆಮೇಲೆ ಬಾರುಕೋಲು. ಇದು ನಮ್ಮಪ್ಪ ಕಲಿಸಿದ್ದು, ನನಗೂ, ಬಸಪ್ಪನಿಗೂ.

ಈ ಕತೆ ಹೇಳುತ್ತಾ ಎಣ್ಣೆ ತಿಕ್ಕುತ್ತಿದ್ದೆ. ಬಸಪ್ಪ ಹುಣ್ಣನ್ನೇ ನೋಡುತ್ತಾ ನಿಂತುಬಿಟ್ಟ. ಅವನು ನಿಲ್ಲುವುದೇ ಅಪರೂಪ.

“ಅಕ್ಕ, ನಾನೊಬ್ಬನ್ನ ಕೊಂದೀನಿ.”

“ಯುದ್ಧದಾಗಾ?”

“ಅಲ್ಲ. ಪಾಠ ಹೇಳೋವಾಗ.”

ಕ್ವಾಮೆ ಎಂಬ ಘಾನಾದ ಹುಡುಗನಂತೆ. ಆಗ ಹೊರದೇಶದಿಂದಲೂ ಹುಡುಗರು ಇಲ್ಲಿಗೆ ಹಾರಲು ಕಲಿಯಲು ಬರುತ್ತಿದ್ದರು. ಇದು ನಲವತ್ತು ವರ್ಷಕ್ಕೂ ಹಿಂದಿನ ಮಾತು. ಒಂದು ದಿನ ಕ್ವಾಮೆ ವಿಮಾನ ಇಳಿಸಿ ಬಂದು, ಮೇಲೇರುವಾಗ ಇಂಜಿನ್ ಕೆಮ್ಮುತ್ತದೆ ಎಂದ. ತರಬೇತಿ ಮುಗಿಯುವ ಸಮಾರಂಭ ಹತ್ತಿರ ಬಂದಿತ್ತು, ದೊಡ್ಡವರು ಬರುವವರಿದ್ದರು, ಪಟ್ಟಿಯಲ್ಲಿ ಈ ಹುಡುಗನ ಹಾರಾಟ ಮಾತ್ರ ಬಾಕಿ. ಬಸಪ್ಪ ಇಂಜಿನ್ನಿನ ಮುಚ್ಚಳ ತೆಗೆಸಿ ನೋಡಲಿಲ್ಲ. “ಏನೂ ಆಗಿಲ್ಲ, ಕೆಮ್ಮೋದು ನಿನ್ನ ಎದೆ” ಎಂದು ಎಲ್ಲ ಹುಡುಗರ ಮುಂದೆ ಬೈದು ಮತ್ತೆ ಒಬ್ಬನನ್ನೇ ಕಳಿಸಿದ. ಮರದೆತ್ತರ ಏರುವಷ್ಟರಲ್ಲಿ ಇಂಜಿನ್ ನಿಂತಿತು.

“ಇಂಜಿನ್ ನಿಂತ್ರೆ ಮುಂದೆ ಏನ್ ಸಿಗ್ತೈತೋ ಅಲ್ಲೇ ಇಳೀಬೇಕು. ಹೊಲ ಇರ್ಲಿ, ಗದ್ದೆ ಇರ್ಲಿ. ಹಿಂದಕ್ಕೆ ತಿರುಗಬಾರ್ದು. ತಿರುಗಿದ್ರೆ ವೇಗ ಸತ್ತು ಮಗುಚ್ತೈತಿ. ನೂರ್ ಸಲ ಹೇಳಿದ್ದೆ ಅವಗೆ.”

“ಅವನು ತಿರುಗಿದ.”

“ತಿರುಗಿದ.”

ವಿಮಾನ ಸುಟ್ಟು ಹೋಯಿತು. ವಿಚಾರಣೆಯಲ್ಲಿ ಒಂದು ಪ್ರಶ್ನೆ ಇತ್ತು: ಹಾರುವ ಮುಂಚೆ ಹುಡುಗ ಏನಾದರೂ ದೂರು ಹೇಳಿದ್ದನೇ? ಬಸಪ್ಪ ‘ನೋ’ ಎಂದು ಬರೆದು ಸಹಿ ಹಾಕಿದ. ಹಾಗೇ ಬರಿ ಎಂದಿದ್ದ ಮೇಲಿನ ಸಾಹೇಬ ಬೆನ್ನು ತಟ್ಟಿದ. ಹುಡುಗನದೇ ತಪ್ಪು ಎಂದು ಅವನ ಅಪ್ಪನಿಗೆ ಕಾಗದ ಹೋಯಿತು.

“ಇಷ್ಟು ವರ್ಷ ಯಾಕೆ ಬಾಯಿ ಬಿಡ್ಲಿಲ್ಲ?”

“ಯಾರೂ ಕೇಳ್ಲಿಲ್ಲ ಅಕ್ಕ.”

“ಕೇಳಿದ್ರಲ್ಲ ಮಾರಾಯ. ಒಂದ್ಸಲ ಕೇಳಿದ್ರಲ್ಲ.”

ಅವನು ಮತ್ತೆ ಅಂಗಳ ಅಳೆಯಲು ಶುರು ಮಾಡಿದ. ಕ್ವಾಮೆಯ ಅಪ್ಪ ಅಮ್ಮ ಈಗಿಲ್ಲ. ಒಬ್ಬಳು ಅಕ್ಕ ಇದ್ದಾಳೆ, ಅಬೆನಾ ಎಂದು. ಅವಳ ವಿಳಾಸ ಹುಡುಕಿ, ನಾನು ನಿನ್ನ ತಮ್ಮನ ಮೇಷ್ಟ್ರು, ಬಂದು ಕಾಣಬೇಕು ಎಂದು ಬರೆದಿದ್ದನಂತೆ. ‘ಬನ್ನಿ’ ಎಂದಷ್ಟೇ ಉತ್ತರ. ಅವನ ಎದೆಯಲ್ಲಿ ಸ್ಪ್ರಿಂಗ್ ಹಾಕಿದ್ದಾರೆ. ಒಬ್ಬನೇ ಹೋಗಬೇಡ ಎಂದು ಡಾಕ್ಟರು ಹೇಳಿದ್ದರು.

“ನೀನು ಬರ್ತೀಯಾ?”

ಬರುತ್ತೇನೆ ಎಂದೆ. ಪಾಸ್‌ಪೋರ್ಟ್ ಫೋಟೋದಲ್ಲಿ ನಗಬಾರದು ಎಂದರು. ಅದು ನನಗೆ ಕಷ್ಟವಾಗಲಿಲ್ಲ.

ಮೋಡದ ಮೇಲೆ

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ವಯಸ್ಸಾದವರಿಗೆಂದು ಎರಡು ಗಾಲಿಕುರ್ಚಿ ತಂದರು. ಬಸಪ್ಪನಿಗೆ ಅವಮಾನವಾಯಿತು. ಬೇಡ ಎಂದು ಎದೆ ಸೆಟೆಸಿ ಮುಂದೆ ನಡೆದ. ನಾನು ಕೂತೆ. ಕೂರುವ ಕುರ್ಚಿ ತಾನೇ ಹೋಗುತ್ತಿರುವಾಗ ನಡೆಯುವವನು ದಡ್ಡ. ಒಳಗೆ ಅವನಿಗಿಂತ ಮೊದಲು ಮುಟ್ಟಿದೆ.

ವಿಮಾನ ಓಡತೊಡಗಿದಾಗ ಅವನ ಎರಡೂ ಕಾಲು ತಾವಾಗಿಯೇ ನೆಲ ಒತ್ತುತ್ತಿದ್ದವು. ಬಲಗೈ ತೊಡೆಯ ಮೇಲೆ ಏನನ್ನೋ ಹಿಡಿದಂತೆ ಮುಷ್ಟಿ ಕಟ್ಟಿತ್ತು. ಮೇಲೇರುವವರೆಗೂ ತಲೆ ಒಂದು ಕಡೆ ವಾಲಿಸಿ ಇಂಜಿನ್ನಿನ ಸದ್ದು ಕೇಳುತ್ತಿದ್ದ. ಪ್ರತಿ ಸಲವೂ ಹೀಗೇ ಕೇಳುತ್ತೀಯಾ ಎಂದೆ. ಆ ದಿನದಿಂದ ಎಂದ.

ಆಮೇಲೆ ಬಾಯಿ ಬಿಟ್ಟ. ದಾರಿಯುದ್ದಕ್ಕೂ ಅವನು ಆಡಿದ್ದು ವಿಮಾನದ ಮಾತೇ.

“ಈಗಿನ ವಿಮಾನ ತಾನೇ ಹಾರ್ತೈತಿ. ಪೈಲಟ್ ಕಾವಲು ಕುಂತಿರ್ತಾನೆ. ಕಾವಲು ಕುಂತವಗೆ ನಿದ್ದೆ ಬರ್ತೈತಿ. ಒಂದಿನ ಯಂತ್ರ ಕೈ ಬಿಟ್ರೆ ಕೈಯಾಗೆ ವಿದ್ಯೆ ಇರಲ್ಲ.”

“ಟ್ರಾಕ್ಟರ್ ಬಂದ ಮೇಲೆ ನಮ್ಮ ಹುಡುಗರಿಗೂ ನೇಗಿಲು ಹಿಡಿಯಾಕೆ ಬರಲ್ಲ.”

“ಹಂಗೇ. ಜನ ಯುದ್ಧ ವಿಮಾನದ ಫೋಟೋ ತೆಗೀತಾರೆ, ಪೇಪರ್ನಾಗೆ ಹಾಕ್ತಾರೆ. ಒಂದು ವಾಯುಪಡೆ ಗಟ್ಟಿ ಐತೋ ಟೊಳ್ಳೈತೋ ನೋಡಾಕೆ ಅದನ್ನ ನೋಡಬಾರ್ದು. ಹೊಸ ಹುಡುಗ್ರಿಗೆ ಕಲಿಸೋ ಪುಟ್ಟ ವಿಮಾನ ನೋಡ್ಬೇಕು, ಅದಕ್ಕೆ ಎಣ್ಣೆ ಬಿಡೋನ ಮುಖ ನೋಡ್ಬೇಕು. ವಿಮಾನ ಹೊರಗಿಂದ ತರಬೌದು. ಪೈಲಟ್‌ನ ತರಾಕಾಗಲ್ಲ, ಮನೇಲೇ ಬೆಳೀಬೇಕು.”

ಗಗನಸಖಿ ಹುಡುಗಿ ಊಟ ತಂದಳು. ಅವನಿಗೆ ಬೇಡ. ನಾನು ಎರಡೂ ತಟ್ಟೆ ಮುಗಿಸಿದೆ. ಉಪ್ಪಿಲ್ಲ, ಹುಳಿಯಿಲ್ಲ, ದನಕ್ಕೆ ಹಾಕುವ ಹಿಂಡಿಯ ರುಚಿ. ಹಸಿದಿದ್ದೆ.

“ಕಲಿಸೋದು ಅಂದ್ರೆ ಏನು ಹೇಳು?” ಎಂದ. ನನ್ನ ಉತ್ತರಕ್ಕೆ ಕಾಯಲಿಲ್ಲ. “ಹಿಂದಿನ ಸೀಟಿನಾಗೆ ಕುಂತು, ಹುಡುಗ ತಪ್ಪು ಮಾಡೋವರೆಗೂ ಕಾಯೋದು. ಕೈ ವಿಮಾನ ನಡೆಸೋ ಕೋಲಿನ ಹತ್ರ ಇರ್ಬೇಕು, ಕೋಲಿನ ಮೇಲಲ್ಲ. ಬೇಗ ಹಿಡಿದ್ರೆ ಅವನು ಕಲಿಯಲ್ಲ, ತಡ ಮಾಡಿದ್ರೆ ಇಬ್ರೂ ಹೋಗ್ತೀವಿ.”

“ಆ ಹುಡುಗನ ಹಿಂದೆ ನೀನು ಕೂತಿರ್ಲಿಲ್ಲ.”

“ಕೂರಬೌದಿತ್ತು.” ಬೆಲ್ಟ್ ಬಿಚ್ಚಿದ, ಕಟ್ಟಿದ, ಮತ್ತೆ ಬಿಚ್ಚಿದ. “ಕಮಾಂಡರ್ ಆಗೋನು ಹೊಸ ಹುಡುಗನ ಹಿಂದೆ ಕೂರಾಕೆ ಹೆದರಬಾರ್ದು. ಮೇಲೆ ಹೋದಂಗೆ ಗಾಳಿ ತೆಳ್ಳಗಾಗ್ತೈತಿ, ಅಕ್ಕ. ಅಧಿಕಾರದಾಗೂ ಹಂಗೆ. ಮೇಲಿನೋರ ಹತ್ರ ಬರೀ ಒಳ್ಳೆ ಸುದ್ದಿ ಬರ್ತೈತಿ. ನಾನು ಆಮೇಲೆ ಸ್ಕ್ವಾಡ್ರನ್ ನಡೆಸಿದೆ. ಕೆಟ್ಟ ಸುದ್ದಿ ತಂದವಗೆ ಮೊದ್ಲು ಚಾ ಕೊಡಿಸ್ತಿದ್ದೆ. ಎಲ್ರೂ ನನ್ನ ಹೊಗಳಿದ್ರು. ನನ್ನ ಕೆಟ್ಟ ಸುದ್ದಿ ನಾನೇ ಯಾರಿಗೂ ಹೇಳಿರ್ಲಿಲ್ಲ.”

ನನಗೆ ಆಗಲೇ ಒಂದು ವಿಷಯ ಹೊಳೆದದ್ದು.

“ನಮ್ಮಲ್ಲಿ ಸಾವಿನ ಸುದ್ದಿ ತಂದೋನು ನೀರೂ ಮುಟ್ಟಬಾರ್ದು. ಮರ್ತೆಯಾ?”

ಶಿಕಾರಿಪುರ, ಸೊರಬದ ಕಡೆ ಹಳಬರಿಗೆಲ್ಲ ಇದು ಗೊತ್ತು. ಸಾವಿನ ಸುದ್ದಿ ಹೊತ್ತವನು ಹೊಸ್ತಿಲು ದಾಟುವುದಿಲ್ಲ, ಕೂರುವುದಿಲ್ಲ, ಲೋಟ ಹಿಡಿಯುವುದಿಲ್ಲ. ನಿಂತು ಹೇಳಬೇಕು. ಈಗಿನವರು ಮೈಲಿಗೆ ಎನ್ನುತ್ತಾರೆ. ಅದಲ್ಲ. ಒಂದು ಮನೆಯ ನೀರು ಕುಡಿದರೆ ನಾಲಿಗೆ ಮೆತ್ತಗಾಗುತ್ತದೆ. ಚೆನ್ನಾಗಿದ್ದೀರಾ, ಬೆಳೆ ಹೇಗಿದೆ ಎಂದು ಶುರುವಾಗುತ್ತದೆ. ಹೇಳುವುದು ನಾಳೆಗೆ ಹೋಗುತ್ತದೆ. ಅದಕ್ಕೇ ಹಿರಿಯರು ಈ ಕಟ್ಟು ಮಾಡಿದ್ದು.

“ಅವ್ನು ಸತ್ತು ನಲವತ್ತು ವರ್ಷ ಆತು ಅಕ್ಕ.”

“ಸಾವು ಹಳೇದು. ನಿನ್ನ ಸುದ್ದಿ ಹೊಸದು. ನೀರು ಮುಟ್ಟಬೇಡ.”

ಅಕ್ರಾ

ನಡುವೆ ಒಂದು ಕಡೆ ವಿಮಾನ ಬದಲಿಸಿ ಅಕ್ರಾ ಎಂಬ ಊರಿನಲ್ಲಿ ಇಳಿದೆವು. ಚಕ್ರ ನೆಲ ಮುಟ್ಟಿದಾಗ ಬಸಪ್ಪ ಮೂಗು ಮುರಿದ. “ಪೈಲಟ್ ತಡವಾಗಿ ವಿಮಾನದ ಮೂಗೆತ್ತಿದ” ಎಂದ. ನನಗೆ ಚೆನ್ನಾಗಿಯೇ ಇಳಿಸಿದಂತೆ ಕಂಡಿತ್ತು.

ಅಲ್ಲಿನ ಅಧಿಕಾರಿ ಯಾತಕ್ಕೆ ಬಂದಿರಿ ಎಂದು ಕೇಳಿದ. ಬಸಪ್ಪ ಪಟಕ್ಕನೆ ಏನೋ ಹೇಳಿದ. ಮುದ್ರೆ ಬಿತ್ತು. ಏನು ಹೇಳಿದೆ ಎಂದೆ.

“ಟೂರಿಸ್ಟ್ ಅಂದೆ.”

“ಶುರುವಿನಲ್ಲೇ ಸುಳ್ಳು.”

“ಅಕ್ಕ, ಅವಗೆ ಅಷ್ಟೆಲ್ಲಾ ಹೇಳಾಕಾಗ್ತೈತಾ?”

ಇರಬಹುದು. ಆದರೆ ಮನಸ್ಸು ಕೆಟ್ಟಿತು. ಇವನು ಅಬೆನಾಳ ಮುಂದೆಯೂ ಹೀಗೇ ಪಟಕ್ಕನೆ ಬೇರೆ ಏನೋ ಹೇಳಿ ಬಂದರೆ? ನನಗೆ ಇಂಗ್ಲಿಷ್ ಬಾರದು. ಇವನು ಹೇಳಿದನೋ ಬಿಟ್ಟನೋ ನನಗೆ ತಿಳಿಯುವುದು ಹೇಗೆ? ಎರಡು ದಿನ ಹೋಟೆಲಿನಲ್ಲಿ ಇದನ್ನೇ ಯೋಚಿಸಿದೆ. ಅವನು ಇಂದು ಸುಸ್ತು, ನಾಳೆ ಹೋಗೋಣ ಎನ್ನುತ್ತಾ ಕಾರಿಡಾರು ಅಳೆಯುತ್ತಿದ್ದ.

ಸುಮ್ಮನೆ ಕೂರಲಾರದೆ ನಾನು ಬೀದಿಗೆ ಹೋಗುತ್ತಿದ್ದೆ. ಹೆಂಗಸರು ತಲೆಯ ಮೇಲೆ ಅಂಗಡಿಯನ್ನೇ ಹೊತ್ತು ನಡೆಯುತ್ತಾರೆ, ಕೈ ಹಿಡಿಯುವುದಿಲ್ಲ. ಒಬ್ಬಳ ತಲೆಯ ಮೇಲೆ ಹೊಲಿಗೆ ಯಂತ್ರವಿತ್ತು. ನನ್ನ ಹಸಿರು ಇಳಕಲ್ ಸೀರೆಯ ಸೆರಗು ಹಿಡಿದು ನೋಡಿ, ಬೆಲೆಯನ್ನು ಕಣ್ಣಲ್ಲೇ ಕೇಳಿದಳು. ನಾನು ಅವಳ ಸಿಂಬೆ ಬಿಚ್ಚಿಸಿ ನೋಡಿದೆ. ನಮ್ಮದೇ ಸಿಂಬೆ, ಸುತ್ತುವುದು ಮಾತ್ರ ಎಡಕ್ಕೆ.

ಎಡಗೈಯಲ್ಲಿ ಕೊಟ್ಟರೆ ಅವರಿಗೂ ಸಿಟ್ಟು. ಸತ್ತವರ ಫೋಟೋ ದೊಡ್ಡ ಫ್ಲೆಕ್ಸ್ ಮಾಡಿ ರಸ್ತೆಗೆ ನಿಲ್ಲಿಸುತ್ತಾರೆ, ಶಿರಾಳಕೊಪ್ಪದ ಸರ್ಕಲ್‌ನಲ್ಲಿ ನಿಲ್ಲಿಸಿದ ಹಾಗೆ. ನಮ್ಮಲ್ಲಿ ಸತ್ತವನ ಕೆಳಗೆ ಹತ್ತು ಜನ ಬದುಕಿದವರ ಮುಖವೂ ಇರುತ್ತದೆ. ಅಲ್ಲಿ ಸತ್ತವನೊಬ್ಬನೇ. ಅದು ನನಗೆ ಸರಿ ಕಂಡಿತು.

ಮೂರನೇ ದಿನ ಬೆಳಗ್ಗೆ ಬಸಪ್ಪನ ಚೀಲವನ್ನು ನಾನೇ ಎತ್ತಿಕೊಂಡು ಹೋಗಿ ಕಾರಿನಲ್ಲಿಟ್ಟೆ.

ಕುಮಾಸಿಯ ದಾರಿ

ಅಬೆನಾ ಇರುವುದು ಕುಮಾಸಿ ಎಂಬ ಪಟ್ಟಣದ ಹತ್ತಿರದ ಹಳ್ಳಿಯಲ್ಲಿ. ಇಡೀ ದಿನದ ದಾರಿ. ಡ್ರೈವರ್ ಇಮ್ಯಾನುಯೆಲ್ ಐವತ್ತರ ಮನುಷ್ಯ, ಬಾಯಿಗೆ ಬಿಡುವಿಲ್ಲ. ಆ ಜನ ಮಕ್ಕಳಿಗೆ ಹುಟ್ಟಿದ ವಾರದ ಹೆಸರಿಡುತ್ತಾರಂತೆ. ಕ್ವಾಮೆ ಎಂದರೆ ಶನಿವಾರ ಹುಟ್ಟಿದವನು, ಅಬೆನಾ ಮಂಗಳವಾರದವಳು. ನಾನು ಯಾವ ವಾರ ಎಂದು ಕೇಳಿದ. ನಮ್ಮವ್ವನಿಗೆ ನೆನಪಿದ್ದದ್ದು ಅವತ್ತು ಭತ್ತ ಬಡಿಯುತ್ತಿದ್ದರು ಎಂದಷ್ಟೇ. ಹಾಗೆಂದು ಹೇಳಿಸಿದೆ. ಅವನು ಸ್ಟಿಯರಿಂಗ್ ಬಿಟ್ಟು ನಕ್ಕ.

ಮಣ್ಣು ಸೊರಬದ ಮಣ್ಣಿನಷ್ಟೇ ಕೆಂಪು. ಬಾಳೆ ಇದೆ, ಕೋಕೋ ಇದೆ. ಎತ್ತು ಇಲ್ಲ. ಇಷ್ಟು ಹೊಲವಿದ್ದು ಒಂದು ಎತ್ತಿಲ್ಲದ ದೇಶ ನನಗೆ ಬೋಳು ಬೋಳಾಗಿ ಕಂಡಿತು. ಆ ಕಡೆ ಒಂದು ನೊಣ ಕಚ್ಚಿ ದನ ಉಳಿಯುವುದಿಲ್ಲವಂತೆ. ಎಲ್ಲವನ್ನೂ ಗುದ್ದಲಿಯಲ್ಲೇ ಮಾಡುತ್ತಾರೆ.

ದಾರಿಯಲ್ಲಿ ನನಗೆ ಒಂದು ಪ್ರಶ್ನೆ ಕೊರೆಯುತ್ತಿತ್ತು. ಕೇಳಿಯೇ ಬಿಟ್ಟೆ.

“ನೂರ್ ಸಲ ಹೇಳಿದ್ಮೇಲೂ ಆ ಹುಡುಗ ಯಾಕೆ ತಿರುಗಿದ ಅಂತ ಯೋಚ್ನೆ ಮಾಡಿದ್ಯಾ?”

“ಗಾಬರಿ. ಹೊಸಬರು ಗಾಬರಿಗೆ ತಿರುಗ್ತಾರೆ.”

“ಅಲ್ಲ. ಬೈಸಿಕೊಂಡ ಹೋರಿ ನೊಗ ಕಿತ್ಕೊಂಡು ಹೊಲದಾಗೆ ಓಡಲ್ಲ ಮಾರಾಯ, ಕೊಟ್ಟಿಗೆಗೇ ಬರ್ತೈತೆ. ನೀನು ಅವನನ್ನ ಎಲ್ಲರ ಮುಂದೆ ಹೇಡಿ ಅಂದೆ. ಅವನು ವಿಮಾನನ ಗದ್ದೆಗೆ ಇಳಿಸಿ ಮುರಿದಿದ್ರೆ ನೀನು ಮತ್ತೆ ಹೇಡಿ ಅಂತಿದ್ದೆ. ಅದಕ್ಕೇ ವಿಮಾನ ಮುರೀದಂಗೆ ನಿನ್ನ ಹತ್ರಕ್ಕೇ ತರಾಕೆ ನೋಡ್ದ.”

ಬಸಪ್ಪ ಕಾರು ನಿಲ್ಲಿಸಲು ಹೇಳಿದ. ಇಳಿದು ಕೋಕೋ ಗಿಡಗಳ ಅಂಚಿನಲ್ಲಿ ಹೋದ, ಬಂದ, ಹೋದ, ಬಂದ. ಇಮ್ಯಾನುಯೆಲ್ ಅವನಿಗೆ ಹೊಟ್ಟೆ ಕೆಟ್ಟಿದೆ ಎಂದುಕೊಂಡು ನೀರಿನ ಪೊಟ್ಟಣ ಹಿಡಿದು ಹಿಂದೆ ಹಿಂದೆ ನಡೆಯುತ್ತಿದ್ದ.

ಕೊನೆಗೆ ಬಂದು ಬಾಗಿಲು ಹಿಡಿದು ನಿಂತ. ಮುಖ ಬೂದಿಯಾಗಿತ್ತು. “ವಾಪಸ್ ಹೋಗೋಣ ಅಕ್ಕ. ನನ್ನ ಕೈಲಾಗಲ್ಲ. ಕಾಗದ ಬರೀತೀನಿ.”

ನನಗೂ ಸಾಕಾಗಿತ್ತು. ಸೊಂಟ ಹಿಡಿದಿತ್ತು. ಆದರೂ ಹೇಳಿದೆ: “ನಿನ್ನ ಇಂಜಿನ್ ನಿಂತೈತೆ. ಈಗ ತಿರುಗಿದ್ರೆ ಮಗುಚ್ತೀಯ. ಮುಂದೆ ಏನ್ ಸಿಗ್ತೈತೋ ಅಲ್ಲೇ ಇಳಿ. ಅದು ನಿನ್ನದೇ ಪಾಠ.”

ಅವನು ನನ್ನನ್ನು ಒಳ್ಳೆಯ ಕಣ್ಣಿನಿಂದ ನೋಡಲಿಲ್ಲ. ಆದರೆ ಹತ್ತಿದ.

ಅಬೆನಾಳ ಮನೆ

ತಗಡಿನ ಮಾಡು, ಹಳದಿ ಗೋಡೆ, ಮುಂದೆ ಗುಡಿಸಿದ ಅಂಗಳ. ಮೂಲೆಯಲ್ಲಿ ಒರಳು, ಎದೆಯುದ್ದದ ಒನಕೆ. ಅಬೆನಾ ನನ್ನ ವಯಸ್ಸಿನವಳು. ಶಾಲೆಯಲ್ಲಿ ಟೀಚರ್ ಆಗಿದ್ದಳಂತೆ, ನಿಲುವು ಹಾಗೇ ಇತ್ತು. ಬಲಗೈ ಕೊಟ್ಟು ಒಳಗೆ ಕರೆದಳು.

ನಾನು ಹೊಸ್ತಿಲ ಹೊರಗೇ ನಿಂತೆ. ಬಸಪ್ಪನ ತೋಳು ಹಿಡಿದು ನಿಲ್ಲಿಸಿದೆ. ಅವಳು ಕುರ್ಚಿ ತೋರಿಸಿದಳು. ನಾವು ಕೂರಲಿಲ್ಲ. ಅವಳು ಒಳಗೆ ಹೋಗಿ ತಟ್ಟೆಯ ಮೇಲೆ ಒಂದು ಗಾಜಿನ ಲೋಟ ನೀರು ತಂದು ಬಸಪ್ಪನ ಮುಂದೆ ಹಿಡಿದಳು.

ಬಸಪ್ಪ ಕೈಮುಗಿದು ಬೇಡ ಎಂದ.

ಅವಳ ಮುಖ ಮುಚ್ಚಿಕೊಂಡಿತು. ತಟ್ಟೆ ಹಿಂದೆ ಸರಿಯಲಿಲ್ಲ. ಮತ್ತೆ ಹಿಡಿದಳು. ಬಸಪ್ಪ ಮತ್ತೆ ಬೇಡ ಎಂದು ಏನೋ ಹೇಳಲು ಬಾಯಿ ತೆರೆದ. ಅವಳು ಅಂಗೈ ಎತ್ತಿ ತಡೆದಳು. ಇಮ್ಯಾನುಯೆಲ್ ಓಡಿ ಬಂದು ಬಸಪ್ಪನ ಕಿವಿಯಲ್ಲಿ ಗಡಿಬಿಡಿಯಿಂದ ಹೇಳತೊಡಗಿದ.

“ಏನಂತೆ?”

“ನೀರು ಕುಡೀದೆ ಇಲ್ಲಿ ಏನೂ ಹೇಳಂಗಿಲ್ಲಂತೆ ಅಕ್ಕ. ಬಂದೋರು ಮೊದ್ಲು ನೀರು ಕುಡೀಬೇಕು, ಆಮೇಲೆ ಮನೆಯೋರು ಯಾತಕ್ಕೆ ಬಂದ್ರಿ ಅಂತ ಕೇಳ್ತಾರೆ, ಆಮೇಲೆ ಮಾತು. ನೀರು ಬೇಡ ಅಂದ್ರೆ ಜಗಳಕ್ಕೆ ಬಂದಂಗೆ.”

ಅವರ ಕಟ್ಟು ಅದು. ನಮ್ಮ ಕಟ್ಟು ಇದು. ಇಬ್ಬರ ಹಿರಿಯರೂ ದಡ್ಡರಲ್ಲ. ಬಸಪ್ಪ ಲೋಟದ ಕಡೆ ಕೈ ಚಾಚಿದ. ಅವನ ಮುಖ ನೋಡಿದೆ. ಅಲ್ಲಿ ಮರ್ಯಾದೆ ಇರಲಿಲ್ಲ, ನುಣುಚಿಕೊಳ್ಳುವ ಆಸೆ ಇತ್ತು. ಕುಡಿದರೆ ಕೂರುತ್ತಾನೆ, ಕೂತರೆ ಉಣ್ಣುತ್ತಾನೆ, ಉಂಡರೆ, ನಿನ್ನ ತಮ್ಮ ಒಳ್ಳೆಯ ಹುಡುಗ ಎಂದು ಹೇಳಿ ಎದ್ದು ಬರುತ್ತಾನೆ. ನಲವತ್ತು ವರ್ಷ ಹಾಗೇ ಮಾಡಿದವನು. ಅವನ ಮಣಿಕಟ್ಟು ಹಿಡಿದೆ.

ಅಬೆನಾ ನನ್ನ ಕೈ ನೋಡಿದಳು, ನನ್ನನ್ನು ನೋಡಿದಳು. ಹೊರಟು ಹೋಗಿ ಎಂದು ಬೆರಳು ತೋರಿಸುವುದೊಂದು ಬಾಕಿ.

ಸುದ್ದಿ ಹೊತ್ತವನು ಅವನು. ನಾನು ಜೊತೆಗೆ ಬಂದವಳು. ಜೊತೆಗೆ ಬಂದವರು ಕುಡಿಯಬಾರದು ಎಂದು ನಮ್ಮ ಯಾವ ಹಿರಿಯರೂ ಹೇಳಿಲ್ಲ. ನಾನು ಅವನ ಕೈ ಬಿಟ್ಟು ಬಲಗೈಯಲ್ಲಿ ಲೋಟ ತೆಗೆದುಕೊಂಡು ಒಂದೇ ಗುಟುಕಿಗೆ ಬರಿದು ಮಾಡಿದೆ. ಬೋರಲು ಹಾಕಿ ತೋರಿಸಿದೆ.

“ಅವಳಿಗೆ ಹೇಳು. ಇಬ್ಬರ ಪಾಲಿಂದೂ ನಾನು ಕುಡಿದೀನಿ. ನನ್ನ ತಮ್ಮ ತಂದಿರೋ ಸುದ್ದಿ ನೀರು ಕುಡಿದು ಹೇಳೋ ಅಂಥದ್ದಲ್ಲ ಅನ್ನು.”

ಬಸಪ್ಪ ಹೇಳಿದ. ಅಬೆನಾ ಬರಿದಾದ ಲೋಟವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅವಳೂ ಕೂರಲಿಲ್ಲ. ನಿಂತೇ ಕೇಳಿದಳು. ಅದನ್ನು ಬಸಪ್ಪ ನನಗೆ ಕನ್ನಡದಲ್ಲಿ ಹೇಳಿದ: ನಮ್ಮ ಮನೆಯಲ್ಲಿ ಎಲ್ಲ ಸಮಾಧಾನ. ದಾರಿ ನಡೆದವರು ನೀವು. ಏನು ಹೊತ್ತು ತಂದಿರಿ?

ಅವನು ಹೇಳಿದ. ಮೊಣಕಾಲು ಕುಣಿಯಲಿಲ್ಲ. ನನಗೆ ಮಾತು ತಿಳಿಯಲಿಲ್ಲ, ಆದರೆ ಕಾಯುತ್ತಿದ್ದ ಒಂದು ಮಾತು ಗೊತ್ತಿತ್ತು. ಅವನು ಗಾಳಿಯಲ್ಲಿ ಬೆರಳಿನಿಂದ ಬರೆದು ತೋರಿಸಿ ‘ನೋ’ ಎಂದ. ಹೇಳಿದ್ದಾನೆ ಎಂದು ನನಗೆ ಖಾತ್ರಿಯಾಯಿತು.

ಅಬೆನಾ ಅಳಲಿಲ್ಲ. ಅವರಪ್ಪ ಲಾರಿ ಓಡಿಸುತ್ತಿದ್ದನಂತೆ. ಮಗನಿಗೆ ಚಿಕ್ಕಂದಿನಲ್ಲೇ ಲಾರಿ ಕಲಿಸಿದ್ದ. ಮಗನದೇ ತಪ್ಪು ಎಂದು ಕಾಗದ ಬಂದ ಮೇಲೆ, ಅವನಿಗೆ ಅವಸರ ಕಲಿಸಿದ್ದು ನಾನೇ ಎಂದುಕೊಂಡು ಲಾರಿ ಮಾರಿದ. ಹಾಗೆಂದುಕೊಂಡೇ ಸತ್ತ. ಇದನ್ನು ಅವಳು ಬಸಪ್ಪನ ಕಣ್ಣು ಬಿಡದೆ ಹೇಳಿದಳು. ಆಮೇಲೆ ಹೇಳಿದ್ದು ಒಂದೇ ಮಾತು: ನಾನೊಬ್ಬಳು ಕೇಳಿದರೆ ಸಾಲದು, ನಾಳೆ ಮನೆತನದವರೆಲ್ಲ ಕೂರುತ್ತಾರೆ, ಅವರ ಮುಂದೆ ಹೇಳು.

ನಮ್ಮನ್ನು ಊಟಕ್ಕೆ ಕರೆಯಲಿಲ್ಲ. ನನಗೆ ಅವಳ ಮೇಲೆ ಗೌರವ ಬಂತು.

ಮರುದಿನ

ಅಂಗಳದ ತುಂಬ ಪ್ಲಾಸ್ಟಿಕ್ ಕುರ್ಚಿ. ಹದಿನೈದು ಇಪ್ಪತ್ತು ಜನ, ಹಲವರು ಕಪ್ಪು ಬಟ್ಟೆ ಸುತ್ತಿದ್ದರು. ಬಲದ ತುದಿಯಿಂದ ಶುರು ಮಾಡಿ ಒಬ್ಬೊಬ್ಬರ ಕೈ ಮುಟ್ಟಬೇಕು. ನಾನು ಎಡದಿಂದ ಶುರು ಮಾಡಿ ಬೈಸಿಕೊಂಡೆ. ನೀರಿನ ಲೋಟ ಬಂದಾಗ ಅಬೆನಾ ತಾನೇ ನನ್ನ ಕೈಗೆ ಕೊಟ್ಟಳು. ಕುಡಿದೆ.

ಮನೆತನದ ಹಿರಿಯ ನೇರ ಮಾತಾಡುವುದಿಲ್ಲ. ಪಕ್ಕದವನ ಕಿವಿಗೆ ಹೇಳುತ್ತಾನೆ, ಅವನು ಎಲ್ಲರಿಗೂ ಹೇಳುತ್ತಾನೆ. ಬಸಪ್ಪ ನಿಂತು ಮೊದಲಿನಿಂದ ಹೇಳಿದ. ಇಮ್ಯಾನುಯೆಲ್ ಅದನ್ನು ಅವರ ಭಾಷೆಗೆ ತಿರುಗಿಸಿದ. ಎರಡನೇ ಸಲ ಹೇಳುವುದು ಮೊದಲಿನದಕ್ಕಿಂತ ಕಷ್ಟ, ಅವನ ಬೆನ್ನು ಒದ್ದೆಯಾಗಿತ್ತು. ಸಾಹೇಬರು ಹೇಳಿದ್ದರಿಂದ ಬರೆದೆಯಾ ಎಂದು ಯಾರೋ ಕೇಳಿದರು. “ಸಾಹೇಬ ಬರಿ ಅಂದಿದ್ದು ಹೌದು. ಪೆನ್ನು ನನ್ನ ಕೈಯಾಗೇ ಇತ್ತು ಅಂದೆ” ಎಂದು ನನಗೆ ಆಮೇಲೆ ಹೇಳಿದ.

ಹಿರಿಯ ಕೋಲಿನ ಮೇಲೆ ಗದ್ದವಿಟ್ಟ. ಆಮೇಲೆ ಕೇಳಿದ್ದು ಒಂದೇ. ಹುಡುಗ ಅವತ್ತು ಏನೆಂದ? ಅವನ ಮಾತಲ್ಲೇ ಹೇಳು.

ಬಸಪ್ಪ ಕಣ್ಣು ಮುಚ್ಚಿದ. ವಿಮಾನದಿಂದ ಇಳಿದ ಹುಡುಗ ಟೋಪಿ ತೆಗೆದು ಹಣೆ ಒರೆಸಿಕೊಳ್ಳುವಂತೆ ಕೈಯಾಡಿಸಿದ. ಆಮೇಲೆ ಆ ಹುಡುಗನ ದನಿಯಲ್ಲಿ ಹೇಳಿದ. ಕನ್ನಡದಲ್ಲಿ ಹೇಳಿದರೆ ಇಷ್ಟೇ: ‘ಸರ್, ಇವಳು ಕೆಮ್ಮುತ್ತಿದ್ದಾಳೆ.’

ಅಬೆನಾ ಗಟ್ಟಿಯಾಗಿ ನಕ್ಕಳು. ಎಲ್ಲರೂ ಅವಳ ಕಡೆ ತಿರುಗಿದರು. ಅಪ್ಪನ ಲಾರಿಯನ್ನೂ ಅವನು ಹೀಗೇ ಇವಳು ಎನ್ನುತ್ತಿದ್ದನಂತೆ. ಇವಳಿಗೆ ಹಸಿವು, ಇವಳಿಗೆ ಕೆಮ್ಮು ಎಂದು ಮುಚ್ಚಳ ತೆಗೆದು ತಲೆ ಹಾಕುತ್ತಿದ್ದನಂತೆ. ಅವನೇ, ಅವನೇ ಎಂದು ಅವಳು ತೊಡೆ ತಟ್ಟಿಕೊಂಡಳು. ಆ ಮಾತು ಕುರ್ಚಿಯಿಂದ ಕುರ್ಚಿಗೆ ಹೋಯಿತು. ಸತ್ತು ಇಷ್ಟು ವರ್ಷವಾದ ಹುಡುಗನದೊಂದು ಹೊಸ ಮಾತು ಅವರಿಗೆ ಸಿಕ್ಕಿತ್ತು. ಇನ್ನೊಂದು ಸಲ ಹೇಳಿಸಿದರು. ಮೂರನೇ ಸಲ ಹೇಳುವಾಗ ಅಬೆನಾ ಸುತ್ತಿದ್ದ ಬಟ್ಟೆಯ ಅಂಚನ್ನು ಮುಖಕ್ಕೆಳೆದುಕೊಂಡಳು.

ಕ್ಷಮಿಸಿದೆವು ಎಂದು ಯಾರೂ ಹೇಳಲಿಲ್ಲ. ನೀನು ಬಂದೆ, ಹೇಳಿದೆ, ನಾವು ಕೇಳಿದೆವು ಎಂದ ಹಿರಿಯ. ಅದೇ ಸರಿ.

ಆಮೇಲೆ ಕಾಗದ ತಂದರು. ಹಿಂದೆ ‘ನೋ’ ಎಂದು ಬರೆದವನು ಈಗ ನಿಜ ಬರೆದು ಕೊಡಲಿ ಎಂದರು. ಬಸಪ್ಪ ಮಂಡಿಯ ಮೇಲೆ ಕಾಗದವಿಟ್ಟು ಒಂದು ಪುಟ ಬರೆದು ಸಹಿ ಮಾಡಿದ. ಸಾಕ್ಷಿಗೆ ಅಬೆನಾ ಸಹಿ ಹಾಕಿದಳು. ಅವರ ಕಡೆಯ ಸಾಕ್ಷಿ ಆಯಿತು, ಇವರ ಕಡೆಯದು ಬೇಕು ಎಂದರು. ನಾನು ‘ಹಾಲಮ್ಮ, ಕುಪ್ಪಗಡ್ಡೆ’ ಎಂದು ನಿಧಾನವಾಗಿ ಬರೆದೆ. ಪಕ್ಕದಲ್ಲಿ, ಸಂಬಂಧದಲ್ಲಿ ಏನಾಗಬೇಕು ಎಂದು ಬರೆಯಲು ಖಾಲಿ ಜಾಗ ಬಿಟ್ಟಿದ್ದರು. ಅಬೆನಾಳೂ ಅಲ್ಲಿ ಅಕ್ಕ ಎಂದೇ ಬರೆದಿದ್ದಳಂತೆ. ನಾನೂ ಅದನ್ನೇ ಬರೆದೆ.

ಅವರಪ್ಪನಿಗೆ ಬಂದಿದ್ದ ಹಳೆಯ ಕಾಗದ ಬೈಬಲ್ಲಿನೊಳಗಿತ್ತು. ಅದನ್ನು ಅಬೆನಾ ಹರಿಯಲಿಲ್ಲ. ಹೊಸದನ್ನು ಅದರ ಮೇಲಿಟ್ಟು ಎರಡಕ್ಕೂ ಪಿನ್ ಹೊಡೆದಳು.

ಆಮೇಲೆ ಒಳಗೆ ಹೋಗಿ ಅದೇ ಲೋಟದಲ್ಲಿ ನೀರು ತಂದು ಬಸಪ್ಪನ ಮುಂದೆ ಹಿಡಿದಳು. ಅವನು ನನ್ನ ಮುಖ ನೋಡಿದ. ಕುಡಿ ಎಂದೆ. ಅರ್ಧ ಅಂಗಿಯ ಮೇಲೆ ಚೆಲ್ಲಿತು, ಅರ್ಧ ಗಂಟಲಿಗೆ ಇಳಿಯಿತು.

ಮತ್ತೆ ಕುಪ್ಪಗಡ್ಡೆ

ಬರುವಾಗ ಬಸಪ್ಪ ಗಾಲಿಕುರ್ಚಿಯಲ್ಲಿ ಕೂತ.

ಶಿರಾಳಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಗುರುತಿನ ಚಾ ಅಂಗಡಿಯವನು ಕೇಳಿದ. “ಏನ್ರೀ ಸಾಹೇಬ್ರೇ, ಫಾರಿನ್ ಟೂರಂತೆ?”

“ಟೂರಲ್ಲಪ್ಪ. ಒಂದು ಸುದ್ದಿ ಮುಟ್ಟಿಸೋದಿತ್ತು.”

“ಅಷ್ಟ್ ದೂರ? ಫೋನ್ ಮಾಡಿದ್ರೆ ಆಗ್ತಿರ್ಲಿಲ್ವೇನ್ರೀ?”

“ನಿಂತು ಹೇಳೋದಿತ್ತು.”

ಬಸ್ಸು ಬರುವವರೆಗೂ ಅವನು ಸ್ಟ್ಯಾಂಡಿನ ಉದ್ದ ಅಳೆದ. ಆ ಚಟ ಹೋಗಿಲ್ಲ. ಹೋಗುತ್ತದೆ ಎಂದು ನಾನು ತಿಳಿದಿರಲೂ ಇಲ್ಲ.

ವಾರ ಕಳೆದು ಬಸಪ್ಪ ನಮ್ಮ ಮನೆಗೆ ಬಂದಾಗ ಮಂಜಪ್ಪನೂ ಅಂಗಳದಲ್ಲಿದ್ದ. ಹಳೆಯದಕ್ಕೆ ಜೊತೆಯೆಂದು ಇನ್ನೊಂದು ಹೋರಿ ಕೊಂಡಿದ್ದ. ನೊಗವಿಟ್ಟು ಹತ್ತು ಹೆಜ್ಜೆ ನಡೆಸಿದೆವು, ಮಲಗಿಬಿಟ್ಟಿತು.

“ಇದು ಅಪ್ಪಟ ಕಳ್ಳ ಕಣಮ್ಮ, ಗಾಯಗೀಯ ಏನೂ ಇಲ್ಲ” ಎಂದ ಮಂಜಪ್ಪ. “ಮಳೆ ಬಿದ್ದೈತೆ, ಎಲ್ಲರ ಉಳುಮೆ ಮುಗೀತಾ ಬಂತು. ಬಾರುಕೋಲಾಗೆ ಎರಡು ಬಿಟ್ರೆ ಏಳ್ತದೆ.”

“ನೊಗ ಬಿಚ್ಚು” ಎಂದ ಬಸಪ್ಪ.

“ಸಾಹೇಬ್ರೇ, ಹೊತ್ತಾಗ್ತೈತ್ರೀ.”

“ಆಗ್ಲಿ. ಬಿಚ್ಚು.”

ಮಂಜಪ್ಪ ಗೊಣಗುತ್ತಾ ಬಿಚ್ಚಿದ. ಬಸಪ್ಪ ನೋಯುವ ಮಂಡಿ ಮಡಿಸಿ ಕೆಸರಲ್ಲಿ ಕೂತ. ಹೋರಿಯ ಹೆಗಲನ್ನು ಎರಡೂ ಕೈಯಿಂದ ತಡವಿದ, ಕೂದಲು ಬಿಡಿಸಿ ನೋಡಿದ, ಕೊರಳ ಅಡಿ ನೋಡಿದ, ನಾಲ್ಕೂ ಗೊರಸು ಎತ್ತಿಸಿ ನೋಡಿದ. ಎಲ್ಲೂ ಹುಣ್ಣಿಲ್ಲ, ಮುಳ್ಳಿಲ್ಲ. ಹೋರಿ ನಿಜವಾಗಿಯೂ ಸೋಮಾರಿಯೇ.

“ಏನೂ ಇಲ್ಲ” ಎಂದು ಎದ್ದ.

ಈ ಸಲ ನೋಡಿ ಹೇಳಿದ.